ದೊಡ್ಡಪ್ಪ ನಕ್ಕ ಪ್ರಸಂಗ

ಕಂಪ್ಯೂಟರ್ ಮುಂದೆ ಕುಳಿತು ಸಂಬಳ ಎಣಿಸುವವನಿಗೆ ಅದರ ಸಕಲ ವಿದ್ಯೆಯೂ ಕರಗತ ಎಂದು ಮುಂಬಯಿಯ ನಮ್ಮ ನೆಂಟರು ನಂಬಿದ್ದಾರೆ. ನಾನು ಗೋದಾಮಿನ ಲೆಕ್ಕ ಬರೆಯುವವನು. ಆದರೂ ದೊಡ್ಡಪ್ಪನ ವರ್ಷಾಂತಿಕಕ್ಕೆ ಗೋಡೆಗೆ ಹಾಕುವ ಫೋಟೊ ಸಿದ್ಧಪಡಿಸುವ ಹೊಣೆ ಡೊಂಬಿವಲಿಯಿಂದ ನೇರವಾಗಿ ನನ್ನ ತಲೆಗೆ ಬಂತು. “ನಿನಗೆ ಐದು ನಿಮಿಷದ ಕೆಲಸ” ಎಂದರು ದೊಡ್ಡಮ್ಮ.

ದೊಡ್ಡಪ್ಪ ಫೋರ್ಟ್‌ನ ಉಡುಪಿ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಕಳೆದವರು. ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದರು. ಗುರುತಿನ ಚೀಟಿಯ ಫೋಟೊ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಅದನ್ನು ನೋಡಿ ದೊಡ್ಡಮ್ಮ “ಯಾರಿವನು?” ಎಂದುಬಿಟ್ಟಿದ್ದರು. ಉಳಿದದ್ದು ಮಾಟುಂಗಾದ ಮದುವೆಯೊಂದರ ಊಟದ ಪಂಕ್ತಿಯ ಚಿತ್ರ. ಯಾರೋ ಕಳುಹಿಸಿದ್ದನ್ನು ಇನ್ಯಾರೋ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮತ್ತೊಬ್ಬರು ಕತ್ತರಿಸಿ, ನನ್ನ ಕೈಗೆ ಬರುವಷ್ಟರಲ್ಲಿ ದೊಡ್ಡಪ್ಪ 60 ಚುಕ್ಕೆ (ಪಿಕ್ಸೆಲ್) ಅಗಲ, 90 ಚುಕ್ಕೆ ಎತ್ತರಕ್ಕೆ ಇಳಿದಿದ್ದರು. ಸಾಲದ್ದಕ್ಕೆ ಬಾಯಿಗೆ ಹಪ್ಪಳ ಅಡ್ಡ.

ಸ್ಟುಡಿಯೊದವನು 12 ಇಂಚು ಅಗಲ, 18 ಇಂಚು ಎತ್ತರ, ಇಂಚಿಗೆ 300 ಚುಕ್ಕೆ ಬೇಕೆಂದ. ಲೆಕ್ಕ ನನ್ನ ಕಸುಬು, ಹಾಕಿದೆ: ಇರುವುದು 5,400 ಚುಕ್ಕೆ, ಬೇಕಾದದ್ದು ಸುಮಾರು 1.94 ಕೋಟಿ. ಒಂದು ಅಸಲಿ ಚುಕ್ಕೆಗೆ 3,599 ಊಹೆಯ ಚುಕ್ಕೆಗಳು! ಗೋದಾಮಿನ ಲೆಕ್ಕ ಹೀಗೆ ಬರೆದರೆ ಪೊಲೀಸರು ಬರುತ್ತಾರೆ.

ಮೊದಲು ಚಿತ್ರ ಹಿಗ್ಗಿಸುವ ಹಳೆಯ ಪದ್ಧತಿ, ಬೈಕ್ಯೂಬಿಕ್. ಸುತ್ತಲಿನ 16 ಚುಕ್ಕೆಗಳನ್ನು ನೋಡಿ ನಡುವಿನ ಬಣ್ಣ ಇಂಥದಿರಬೇಕೆಂದು ಅದು ಲೆಕ್ಕ ಹಾಕುತ್ತದೆ. ಪ್ರಾಮಾಣಿಕ ಪದ್ಧತಿ, ಆದರೆ ಇಲ್ಲದ್ದನ್ನು ತಂದುಕೊಡುವುದಿಲ್ಲ. ದೊಡ್ಡಪ್ಪ ದೊಡ್ಡದಾದರು, ಅಷ್ಟೇ ಮಂಜಾದರು. ಸ್ಪಷ್ಟವಾಗಲಿ ಎಂದು ಶಾರ್ಪನ್ ಮಾಡಿದೆ. ಶಾರ್ಪನ್ ಎಂದರೆ ಅಂಚುಗಳ ಒಂದು ಬದಿಯನ್ನು ಕಪ್ಪಾಗಿಸಿ ಇನ್ನೊಂದನ್ನು ಬೆಳ್ಳಗಾಗಿಸುವುದು. ಅತಿಯಾದರೆ ಬಿಳಿ ಗೆರೆಯೇ ಮೂಡುತ್ತದೆ. ದೊಡ್ಡಪ್ಪನ ತಲೆಯ ಸುತ್ತ ಪ್ರಭಾವಳಿಯಂತೆ ಬೆಳಕು ಹೊಳೆಯಿತು. ದೊಡ್ಡಮ್ಮ ಮೊಬೈಲಿಗೇ ಕೈಮುಗಿದರು. ಅವರ ಮಗ, ಅಂದರೆ ನಮ್ಮ ಅಣ್ಣ, ಮುಗಿಯಲಿಲ್ಲ.

ಕೊನೆಗೆ ಕೃತಕ ಬುದ್ಧಿಮತ್ತೆಯ ಮೊರೆ ಹೊಕ್ಕೆ. ಅದು ಅಸಂಖ್ಯ ಚಿತ್ರಗಳನ್ನು ಮಸುಕಾಗಿಯೂ ಸ್ಪಷ್ಟವಾಗಿಯೂ ನೋಡಿ ಕಲಿತಿರುತ್ತದೆ. ಮಸುಕಿನ ಹಿಂದೆ ಏನಿದ್ದೀತು ಎಂಬ ಊಹೆಯನ್ನು ಕೂದಲೆಳೆಯೂ ಕಾಣುವಂತೆ ಬಿಡಿಸುತ್ತದೆ. ಅದಕ್ಕೆ ಹಪ್ಪಳ ಗೊತ್ತಿರಲಿಲ್ಲ. ಬಾಯಿಯ ಜಾಗದಲ್ಲಿ ಬೆಳ್ಳಗಿರುವುದೆಲ್ಲ ಹಲ್ಲು ಎಂದು ತೀರ್ಮಾನಿಸಿತು. ಉದ್ರಿ ಕೇಳಿದ ಗಿರಾಕಿಗಳು ಹೆದರಿ ಹಿಂದೆ ಸರಿಯುತ್ತಿದ್ದ ಮುಖದಲ್ಲಿ ಈಗ ಟೂತ್‌ಪೇಸ್ಟ್ ಜಾಹೀರಾತಿನ ನಗು. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಂಥದೇ ತಂತ್ರಾಂಶವೊಂದು ಬರಾಕ್ ಒಬಾಮ ಅವರ ಮಸುಕು ಚಿತ್ರವನ್ನು ಬಿಳಿಯ ಗಂಡಸಿನದಾಗಿ ಮಾಡಿಕೊಟ್ಟಿತ್ತು. ಅಧ್ಯಕ್ಷರ ಗತಿಯೇ ಹಾಗಾದಾಗ ಹಪ್ಪಳದ್ದೇನು?

“ಇದು ಅಪ್ಪನೇ ಅಲ್ಲ” ಎಂದ ಅಣ್ಣ, ಠಾಣೆಯಿಂದ ಪುಣೆಯವರೆಗಿನ ನೆಂಟರಿಗೆಲ್ಲ ಫೋನ್ ಮಾಡಿ ಮೂಲ ಚಿತ್ರವನ್ನು ಪತ್ತೆಹಚ್ಚಿಯೇಬಿಟ್ಟ. ಅದನ್ನು ವಾಟ್ಸಾಪ್‌ನಲ್ಲಿ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ತರಿಸಿದ. ಹಾಗೆ ಬಂದರೆ ಚಿತ್ರ ಕುಗ್ಗುವುದಿಲ್ಲ. ಈ ಬುದ್ಧಿ ಮೊದಲೇ ಬಂದಿದ್ದರೆ ನನ್ನ ರವಿವಾರಗಳು ಉಳಿಯುತ್ತಿದ್ದವು. ಮೂಲ ಚಿತ್ರದಲ್ಲಿ ಎಲ್ಲವೂ ನಿಚ್ಚಳ: ಗಂಟಿಕ್ಕಿದ ಹುಬ್ಬು, ಬಡಿಸುವವನ ಮೇಲೆ ನೆಟ್ಟ ಕೆಂಗಣ್ಣು, ಹಪ್ಪಳದ ಮೇಲಿನ ಗುಳ್ಳೆ ಕೂಡ.

ದೊಡ್ಡಮ್ಮ ಕನ್ನಡಕ ಏರಿಸಿ ಎರಡನ್ನೂ ನೋಡಿದರು.

“ಇವರನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಮಾಡಿದ್ದನ್ನೇ ಹಾಕಿಸು” ಎಂದರು. ಅಣ್ಣ ಬಾಯಿ ತೆರೆಯುವ ಮೊದಲೇ ನನ್ನ ಕಡೆ ತಿರುಗಿ, “ಹಾಗೆಯೇ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಬಿಡು. ಹೇಳಿ ಹೇಳಿ ಸಾಕಾಗಿತ್ತು.”