ತಾಗಬೇಕು, ಆದರೆ ಅಂಟಬಾರದು

ಚಿಪ್‌ನ ಮೇಲೆ ಅದರ ಶಾಖ ಒಯ್ದು ತಂಪಾಗಿಡುವ ಕೂಲರ್ ಕೂರಿಸುವುದೇನೂ ದೊಡ್ಡ ವಿದ್ಯೆಯಲ್ಲ. ಕೂತದ್ದನ್ನು ಎಬ್ಬಿಸುವುದು ವಿದ್ಯೆ. ಮಾರಾಟಕ್ಕೆ ಹೋಗುವ ಉಪಕರಣದಲ್ಲಿ ಕೂಲರ್ ಒಮ್ಮೆ ಕೂತರೆ ಆಯಿತು, ಬಾಳೆಲ್ಲ ಅಲ್ಲೇ. ಪರೀಕ್ಷೆಯ ಮೇಜಿನ ಕೂಲರಿಗೆ ಆ ನೆಮ್ಮದಿಯಿಲ್ಲ. ಬೆಳಿಗ್ಗೆ ಒಂದು ಬೋರ್ಡ್, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮೂರನೆಯದು. ಪ್ರತಿ ಸಲವೂ ಮೈಗೆ ಮೈ ತಾಗಿಸಿ ಕೂರಬೇಕು, ಹೇಳಿದಾಗ ಕಲೆ ಉಳಿಸದೆ ಏಳಬೇಕು, ನೂರನೆಯ ಸಲವೂ ಮೊದಲ ಸಲದ ಅಂಕಿಯನ್ನೇ ಕೊಡಬೇಕು.

ಎಲ್ಲ ತಂಟೆಯ ಬೇರು ಗಾಳಿ. ಕನ್ನಡಿಯಂತೆ ಹೊಳೆಯುವ ಎರಡು ಲೋಹದ ಮುಖಗಳನ್ನು ಒತ್ತಿ ಹಿಡಿದರೂ ನಡುವೆ ಎಲ್ಲೋ ಗಾಳಿ ಅವಿತು ಕೂತಿರುತ್ತದೆ. 40 ಮಿ.ಮೀ. ಚೌಕದ ಮುಖ, ಅದರಲ್ಲಿ 100 ವ್ಯಾಟ್ ಶಾಖ, ನಡುವೆ 0.05 ಮಿ.ಮೀ. ಪದರ ಎಂದಿಟ್ಟುಕೊಳ್ಳಿ. ಆ ಪದರವೆಲ್ಲ ಗಾಳಿಯೇ ಆದರೆ ಚಿಪ್‌ಗೂ ಕೂಲರಿಗೂ 120 ಡಿಗ್ರಿ ಅಂತರ. ಅದೇ ಜಾಗದಲ್ಲಿ ಸಾಧಾರಣ ದರ್ಜೆಯ ಥರ್ಮಲ್ ಪೇಸ್ಟ್, ಅಂದರೆ ಶಾಖ ದಾಟಿಸುವ ಲೇಪ, ಇದ್ದರೆ ಅಂತರ 1 ಡಿಗ್ರಿ. ಮೀಟರ್-ಕೆಲ್ವಿನ್ನಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ ಗಾಳಿಯ ಶಾಖವಾಹಕತೆ 0.026, ಪೇಸ್ಟಿನದು 3ರ ಆಸುಪಾಸು. ಅಷ್ಟೇ ವ್ಯತ್ಯಾಸ, ಅಷ್ಟೇ ಅನಾಹುತ.

ಹಾಗಾದರೆ ಪೇಸ್ಟ್ ಬಳಿದರಾಯಿತಲ್ಲ? ಬಳಿಯಬಹುದು. ಆದರೆ ಪೇಸ್ಟ್ ತಣ್ಣಗಾದ ಮೇಲೆ ಕೂಲರನ್ನು ನೆಟ್ಟಗೆ ಮೇಲಕ್ಕೆಳೆದರೆ ಕೂಲರ್ ಒಂಟಿಯಾಗಿ ಬರುವುದಿಲ್ಲ, ಸಾಕೆಟ್‌ನಲ್ಲಿದ್ದ ಚಿಪ್ಪನ್ನೂ ಜೊತೆಗೆ ಕರೆತರುತ್ತದೆ. ಐದು ನಿಮಿಷ ಚಿಪ್ಪನ್ನು ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ವಿದ್ಯುತ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ತುಸು ತಿರುಚಿ ಪಕ್ಕಕ್ಕೆ ಜಾರಿಸಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ತಾಳ್ಮೆ. ಎಷ್ಟು ಒರೆಸಿದರೂ ಮರುದಿನ ಅಂಗಿಯ ತೋಳಿನ ಮೇಲೆ ಬೂದು ಕಲೆ ಕಾಣುತ್ತದೆ. ಪೇಸ್ಟ್ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮಾತ್ರ ಹೋದ ಉದಾಹರಣೆ ಇಲ್ಲ.

ಸಂದು ತುಂಬುವ ಮೆತ್ತನೆಯ ಗ್ಯಾಪ್ ಪ್ಯಾಡ್ ಹಾಕಿದರೆ ಕೈ ಕೊಳೆಯಾಗುವುದಿಲ್ಲ ನಿಜ. ಆದರೆ ಒಮ್ಮೆ ಒತ್ತಿಸಿಕೊಂಡ ಪ್ಯಾಡ್ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಎರಡನೆಯ ಬೋರ್ಡಿನ ಮೇಲೆ ಮೊದಲ ಬೋರ್ಡಿನ ಅಚ್ಚು ಹೊತ್ತು ಕೂರುತ್ತದೆ. ಗ್ಯಾಲಿಯಂ ಬೆರೆತ ದ್ರವಲೋಹ ಅಮೋಘವಾಗಿ ಶಾಖ ಒಯ್ಯುತ್ತದೆ, ಕೂಲರ್ ಅಲ್ಯೂಮಿನಿಯಂನದಾಗಿದ್ದರೆ ಕೂಲರನ್ನೂ ತಿನ್ನುತ್ತದೆ. ದಿನವೂ ತೆಗೆದು ಹಾಕುವ ಕೆಲಸಕ್ಕೆ ನನ್ನ ಮತ ತೆಳ್ಳನೆಯ ಗ್ರಾಫೈಟ್ ಹಾಳೆಗೆ. ಅಂಟುವುದಿಲ್ಲ, ಒಣಗುವುದಿಲ್ಲ. ಒಂದೇ ಚಾಳಿ: ವಿದ್ಯುತ್ತನ್ನೂ ಒಯ್ಯುತ್ತದೆ. ತುಸು ಜಾರಿ ಪಕ್ಕದ ಕೆಪಾಸಿಟರ್ ಮೇಲೆ ಬಿದ್ದರೆ ಆ ದಿನದ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹಾಳೆಯನ್ನು ಕೂಲರಿನ ತಳಕ್ಕಿಂತ ದೊಡ್ಡದಾಗಿ ಕತ್ತರಿಸುವ ಉದಾರತೆ ಬೇಡ.

ಇನ್ನು ಒತ್ತಡ. ಸ್ಕ್ರೂವನ್ನು ‘ಸಾಕು ಅನ್ನಿಸುವಷ್ಟು’ ಬಿಗಿ ಮಾಡುವವರು ಇರುತ್ತಾರೆ. ಸೋಮವಾರದ ‘ಸಾಕು’ ಬೇರೆ, ಶುಕ್ರವಾರ ಸಂಜೆಯ ‘ಸಾಕು’ ಬೇರೆ. ಅಂಕಿಗಳು ಕುಣಿಯುವುದಕ್ಕೆ ಇದಕ್ಕಿಂತ ಒಳ್ಳೆಯ ತಾಳ ಬೇಕಿಲ್ಲ. ಆದ್ದರಿಂದ ಒತ್ತಡದ ತೀರ್ಮಾನವನ್ನು ಕೈಗೆ ಬಿಡದೆ ಸ್ಪ್ರಿಂಗಿಗೆ ಬಿಡಬೇಕು. 20 ಮಿ.ಮೀ. ಚೌಕದ ಚಿಪ್‌ಗೆ 0.35 ಮೆಗಾಪ್ಯಾಸ್ಕಲ್ ಬೇಕೆಂದರೆ ಒಟ್ಟು 140 ನ್ಯೂಟನ್, ನಾಲ್ಕು ಮೂಲೆಗೆ 35ರಂತೆ. ಮಿಲಿಮೀಟರಿಗೆ 7 ನ್ಯೂಟನ್ ಕೊಡುವ ಸ್ಪ್ರಿಂಗ್ ಆದರೆ 5 ಮಿ.ಮೀ. ಕುಗ್ಗಬೇಕು. ಅಷ್ಟು ಕುಗ್ಗಿದ ಕೂಡಲೆ ನಿಲ್ಲುವಂತೆ ಭುಜವಿರುವ ಸ್ಕ್ರೂ ಹಾಕಿ. ಆಮೇಲೆ ಯಾರು ಎಷ್ಟು ಸಿಟ್ಟಿನಿಂದ ತಿರುಗಿಸಿದರೂ ಅದು ಕದಲುವುದಿಲ್ಲ. ಎದುರುಬದುರು ಮೂಲೆಗಳನ್ನು ಅರ್ಧರ್ಧ ಸುತ್ತಿನಂತೆ ಬಿಗಿ ಮಾಡಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಕೂಲರ್ ವಾಲಿ, ಮುಚ್ಚಳವಿಲ್ಲದ ಚಿಪ್‌ನ ಅಂಚು ಪುಡಿಯಾಗುತ್ತದೆ. ಬೋರ್ಡಿನ ಹಿಂದೆ ಗಟ್ಟಿ ತಟ್ಟೆಯನ್ನು ಮರೆತರೆ ಬೋರ್ಡೇ ಬಿಲ್ಲಿನಂತೆ ಬಾಗಿ ಬೆಸುಗೆ ಬಿರುಕು ಬಿಡುತ್ತದೆ.

ತಾಪ ಅಳೆಯಲು ಹೋಗಿ ತಾಪ ಹೆಚ್ಚಿಸುವುದು ಇನ್ನೊಂದು ಬಗೆ. ಎರಡು ತಂತಿ ಕೂಡಿಸಿ ತಾಪ ಅಳೆಯುವ ಥರ್ಮೋಕಪಲ್ಲಿನ 0.25 ಮಿ.ಮೀ. ಗುಂಡನ್ನು ಚಿಪ್ ಮತ್ತು ಕೂಲರ್ ನಡುವೆ ತೂರಿಸಿದರೆ, ಮೇಲೆ ಹೆದರಿಸಿದ ಆ 0.05ರ ಸಂದು ಐದು ಪಟ್ಟಾಗುತ್ತದೆ. ಅಳತೆ ಕರಾರುವಾಕ್ಕಾಗಿಯೇ ಬರುತ್ತದೆ, ಏನನ್ನು ಅಳೆದಿರಿ ಎಂಬುದಷ್ಟೇ ಪ್ರಶ್ನೆ. ಕೂಲರಿನ ತಳದಲ್ಲೇ ನಡುಮಧ್ಯದವರೆಗೆ 1 ಮಿ.ಮೀ. ತೋಡು ಕೊರೆಸಿ, ತಂತಿಯನ್ನು ಅದರೊಳಗೆ ಮಲಗಿಸಿ. ಚಿಪ್ ಬಿಸಿಯಾದಷ್ಟೂ ಮೀಟರ್ ಇಳಿಮುಖವಾಗಿ ತೋರಿಸುತ್ತಿದ್ದರೆ ಅದ್ಭುತ ಕೂಲರ್ ಕಂಡುಹಿಡಿದೆವೆಂದು ಹಿಗ್ಗಬೇಡಿ. ಥರ್ಮೋಕಪಲ್ಲಿನ ಎರಡು ತಂತಿಗಳು ಅದಲುಬದಲಾಗಿವೆ.

ಹೆಚ್ಚು ತಂಪು ಬೇಕೆಂದು, ವಿದ್ಯುತ್ ನುಂಗಿ ಶಾಖವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದೂಡುವ ಪೆಲ್ಟಿಯರ್ ಜೋಡಿಸುವವರು ಒಂದು ಕೂಡುವ ಲೆಕ್ಕ ಮರೆಯುತ್ತಾರೆ. ಚಿಪ್‌ನಿಂದ 60 ವ್ಯಾಟ್ ಎತ್ತಲು ಅದು ತಾನೇ 100 ವ್ಯಾಟ್ ನುಂಗಿದರೆ, ಬಿಸಿ ಬದಿಯಲ್ಲಿ ಹೊರಹಾಕಬೇಕಾದದ್ದು 160. ಅಲ್ಲಿ ಸಣ್ಣ ಫ್ಯಾನ್ ಇಟ್ಟು ಕೈಕಟ್ಟಿ ಕೂತರೆ ಅದು ಕೂಲರ್ ಅಲ್ಲ, ಒಲೆ. ನೀರು ಹರಿಸುವ ಕೋಲ್ಡ್ ಪ್ಲೇಟ್ ಇದಕ್ಕಿಂತ ಸಾಧು ಪ್ರಾಣಿ: ನಿಮಿಷಕ್ಕೆ 1 ಲೀಟರ್ ನೀರು 100 ವ್ಯಾಟ್ ಹೊತ್ತು ಬರೀ 1.4 ಡಿಗ್ರಿ ಏರುತ್ತದೆ. ಬಿಚ್ಚಿದಾಗ ಎರಡೂ ತುದಿ ತಾವೇ ಮುಚ್ಚಿಕೊಳ್ಳುವ ಕಪ್ಲಿಂಗ್ ಹಾಕಿ. ಅಷ್ಟಾದರೂ ಬೋರ್ಡಿನ ಮೇಲೆ ನೀರು ಕಂಡರೆ ಪೈಪನ್ನು ಬೈಯುವ ಮೊದಲು ನೀರನ್ನು ತಣ್ಣಗಾಗಿಸುವ ಚಿಲ್ಲರ್ ನೋಡಿ. ಕೋಣೆ 25 ಡಿಗ್ರಿ, ತೇವಾಂಶ ಶೇಕಡಾ 60 ಇದ್ದರೆ 17 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯೂ ಬೆವರುತ್ತದೆ. ಹುಮ್ಮಸ್ಸಿನಲ್ಲಿ ಚಿಲ್ಲರನ್ನು 10ಕ್ಕೆ ಇಟ್ಟಿದ್ದೀರಿ, ಸೋರಿದ್ದು ಕೋಣೆಯ ಗಾಳಿ.

ಇಷ್ಟೆಲ್ಲ ಸರಿಯಿದ್ದೂ ಚಿಪ್ 100 ಡಿಗ್ರಿ ಮುಟ್ಟಿ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತಿದ್ದರೆ, ಎಲ್ಲರೂ ಮೊದಲು ಸಾಫ್ಟ್‌ವೇರ್ ಬರೆದವರ ಕಡೆ ತಿರುಗುತ್ತಾರೆ. ಅವರು ಎರಡು ದಿನ ಹುಡುಕಿ ಸೋತ ಮೇಲೆ ಯಾರೋ ಕೂಲರ್ ಎತ್ತಿ ನೋಡಿದರೆ, ಹೊಸ ತಳವನ್ನು ಗೀರಿನಿಂದ ಕಾಯಲು ಹಚ್ಚಿದ್ದ ಪ್ಲಾಸ್ಟಿಕ್ ಪರೆ ಹಾಗೇ ಇರುತ್ತದೆ. ಪರೆ ಪಾರದರ್ಶಕ, ಅದೇ ತೊಂದರೆ. ಕಣ್ಣಿಗೆ ಬೀಳುವಂತೆ ಅದಕ್ಕೊಂದು ಕೆಂಪು ಬಾಲ ಅಂಟಿಸಿಡಿ. ಎಳೆದಾಗ ಬಾಲವಷ್ಟೇ ಕಿತ್ತು ಕೈಗೆ ಬಂದು ಪರೆ ಅಲ್ಲೇ ಉಳಿಯದಂತೆ ಬಲವಾದ ಅಂಟಿನಲ್ಲಿ ಅಂಟಿಸಿ.