ಸತ್ಯಾಂಶ: ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಕ್ಯಾಮೆರಾ ಒಳ್ಳೆಯದಾ?

"ಡಿಎಸ್ಎಲ್ಆರ್ ಕೊಳ್ಳುವಾಗ ಬೇರೇನೂ ನೋಡಬೇಡಿ, ಮೆಗಾಪಿಕ್ಸೆಲ್ ಜಾಸ್ತಿ ಇರೋದನ್ನೇ ತಗೊಳ್ಳಿ." ಈ ಮಾತು ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಇದು ಸರಿಯಲ್ಲ.

ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿರುವ ಚುಕ್ಕಿಗಳ ಲೆಕ್ಕ. 10 ಲಕ್ಷ ಚುಕ್ಕಿ ಸೇರಿದರೆ 1 ಮೆಗಾಪಿಕ್ಸೆಲ್. ಎ4 ಹಾಳೆಯಲ್ಲಿ ಚೊಕ್ಕ ಪ್ರಿಂಟ್ ತೆಗೆಯಲು ಸುಮಾರು 9 ಸಾಕು. 12ರಿಂದ 24ಕ್ಕೆ ಏರಿದರೂ ಚಿತ್ರದ ಅಗಲ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಅಷ್ಟೇ.

ನಿಜವಾದ ವ್ಯತ್ಯಾಸ ಇರುವುದು ಸೆನ್ಸರ್ ಗಾತ್ರದಲ್ಲಿ. ಬೆಳಕು ಬೀಳುವ ಜಾಗ ಅದು. ಫುಲ್ ಫ್ರೇಮ್ ಸೆನ್ಸರ್ ಸುಮಾರು 36x24 ಮಿಲಿಮೀಟರ್. ಎಪಿಎಸ್-ಸಿ ಅನ್ನೋ ಚಿಕ್ಕ ಬಗೆಯ ಸೆನ್ಸರ್ ಅದರ ಅರ್ಧಕ್ಕಿಂತ ಕಡಿಮೆ ಜಾಗದ್ದು. ಜಾಗ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಸಿಗುತ್ತದೆ, ಮಬ್ಬು ಬೆಳಕಿನಲ್ಲೂ ಚಿತ್ರದಲ್ಲಿ ಕಾಳುಕಾಳು ಕಡಿಮೆ. 2016ರ ನಿಕಾನ್ ಡಿ5 ನೋಡಿ. ವೃತ್ತಿನಿರತರಿಗೆಂದೇ ಮಾಡಿದ ಕ್ಯಾಮೆರಾ, ಆದರೂ 20.8 ಮೆಗಾಪಿಕ್ಸೆಲ್. ಅದೇ ವರ್ಷ ಬಂದ, ಹೊಸಬರಿಗಾಗಿ ಮಾಡಿದ ಡಿ3400ಗೆ 24.2! ಬರೀ ಅಂಕಿ ನೋಡಿದರೆ ದಾರಿ ತಪ್ಪುತ್ತದೆ ಅಲ್ವಾ?

ಲೆನ್ಸ್ ಅಂತೂ ಇನ್ನೂ ಮುಖ್ಯ. ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿಯ ಅಳತೆಯನ್ನು ಎಫ್ ಅಂಕಿ ಹೇಳುತ್ತದೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/1.8 ಲೆನ್ಸ್ ಎಫ್/5.6ಗಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ನನ್ನನ್ನು ಕೇಳಿದರೆ, ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ ಭಾಗಕ್ಕೆ ಸುಮ್ನೆ ಜಾಸ್ತಿ ದುಡ್ಡು ಸುರಿಯುವ ಬದಲು ಒಳ್ಳೆಯ ಲೆನ್ಸ್‌ಗೆ ಉಳಿಸಿಕೊಳ್ಳಿ.

ಹಾಗಂತ ಮೆಗಾಪಿಕ್ಸೆಲ್ ದಂಡ ಅಲ್ಲ. ದೂರದ ಹಕ್ಕಿಯನ್ನು ಕ್ರಾಪ್ ಮಾಡಿ ದೊಡ್ಡದಾಗಿ ನೋಡುವವರಿಗೆ, ಗೋಡೆಯಗಲದ ಪ್ರಿಂಟ್ ಹಾಕಿಸುವವರಿಗೆ ಅದು ಬೇಕೇ ಬೇಕು.