ಕಡಲೆ, ಹಲ್ಲು ಮತ್ತು 20,000 ಹರ್ಟ್ಸ್

ಅಡಿಕೆಗೆ ರೇಟು ಬಂದಾಗಲೆಲ್ಲ ನಮ್ಮ ಕಡೆಯ ಮನೆಗಳಿಗೆ ಯಾವುದಾದರೊಂದು ಯಂತ್ರ ಬರುತ್ತದೆ. ಮೊದಲು ಪಂಪ್‌ಸೆಟ್ಟು ಬಂತು, ಆಮೇಲೆ ಜೀಪು, ಮತ್ತೆ ಫ್ರಿಜ್ಜು. ಈ ಸಲ ಕಾಸರಗೋಡು ಸೀಮೆಯ ಬದಿಯಡ್ಕದ ಭಾವನ ಮನೆಯ ಚಾವಡಿಗೆ ಬಂದದ್ದು ಟರ್ನ್‌ಟೇಬಲ್. ಸಂಗಡ ಒಂದು ಆಂಪ್ಲಿಫೈಯರ್, ದ್ವಾರಪಾಲಕರ ಹಾಗೆ ಎರಡು ಸ್ಪೀಕರ್, ಕೆರೆಹಾವಿನಷ್ಟು ದಪ್ಪದ ತಾಮ್ರದ ವೈರು. ವೈರಿನ ಬೆಲೆ ಕೇಳಿದ ಅಕ್ಕ, "ಇಷ್ಟಕ್ಕೆ ಇಡೀ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬಹುದಿತ್ತು" ಎಂದು ಒಳಗೆ ಹೋದವಳು ಎರಡು ದಿನ ಚಾವಡಿಗೆ ಬರಲಿಲ್ಲವಂತೆ.

ನಾನು ಹೋದಾಗ ಭಾವ ರೆಕಾರ್ಡಿನ ಮೇಲೆ ಮುಳ್ಳು ಇಡುತ್ತಿದ್ದರು. ಹಸುಗೂಸನ್ನು ತೊಟ್ಟಿಲಿಗೆ ಹಾಕುವಾಗಲೂ ಅವರು ಅಷ್ಟು ಜಾಗ್ರತೆ ಮಾಡಿದ್ದನ್ನು ನಾನು ಕಂಡಿಲ್ಲ.

"ಶಬ್ದ ಹೇಗೆ ಬೆಚ್ಚಗೆ ಉಂಟು, ಗೊತ್ತಾಯ್ತಾ ಭಾವ?"

ಆಟಿ ತಿಂಗಳ ಮಳೆ ಹೊಡೆಯುತ್ತಿತ್ತು. ಆ ಮನೆಯಲ್ಲಿ ಆಗ ಬೆಚ್ಚಗೆ ಇದ್ದದ್ದು ಬಚ್ಚಲಿನ ಹಂಡೆ ಒಂದೇ ಎಂದು ನನಗೆ ತೋರಿತು. ಹೇಳಲಿಲ್ಲ. ಬೆಚ್ಚಗಿನ ಶಬ್ದ ತಮಗೆ ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡವರು ಇಡೀ ಪಂಚಾಯತಿನಲ್ಲಿ ಯಾರೂ ಇಲ್ಲ. ರೆಕಾರ್ಡಿನ ಲಕೋಟೆಗೆ ಆಗಲೇ ಬೂಷ್ಟು ಹಿಡಿದಿತ್ತು. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ಮದ್ದನ್ನೇ ಇದಕ್ಕೂ ಬಿಡಬಹುದೇ ಎಂದು ಅಕ್ಕನ ಮಗ, ಎಂದರೆ ನನ್ನ ಅಳಿಯ, ಕೇಳಿದ. ಭಾವ ಗಂಭೀರವಾಗಿ ಯೋಚಿಸಿದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

ಸ್ಪೀಕರಿನ ಜೊತೆ ಬಂದ ಚೀಟಿಯನ್ನು ಭಾವ ಫ್ರೇಮು ಹಾಕಿಸುವುದೊಂದು ಬಾಕಿ. 20ರಿಂದ 20,000 ಹರ್ಟ್ಸ್ ಎಂದು ಅದರಲ್ಲಿ ಅಚ್ಚಾಗಿದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಸದ್ದು ತಾರಕಕ್ಕೇರಿದಷ್ಟೂ ಅಂಕೆ ದೊಡ್ಡದು. ಮನುಷ್ಯನ ಕಿವಿಯ ಪೂರ್ತಿ ಅಳತೆಯೇ ಅದು. ಆದರೆ ಎಳೆ ಕಿವಿಯದ್ದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ವಯಸ್ಸಾದಂತೆ ಸಾಯುತ್ತವೆ, ತೀರಾ ತಾರಕದ ಸದ್ದನ್ನು ಹಿಡಿಯುವವು ಎಲ್ಲಕ್ಕಿಂತ ಮೊದಲು. ಸತ್ತ ಅಡಿಕೆ ಮರದ ಬುಡದಲ್ಲಿ ಹೊಸ ಸಸಿಯಾದರೂ ನೆಡಬಹುದು, ಇಲ್ಲಿ ಅದೂ ಇಲ್ಲ. ಅರುವತ್ತರ ಹೊತ್ತಿಗೆ 15,000ದ ಆಚೆಗಿನದ್ದು ಹೆಚ್ಚಿನವರ ಪಾಲಿಗೆ ಇದ್ದೂ ಇಲ್ಲದ ಹಾಗೆ. ಭಾವನಿಗೆ ಅರುವತ್ತಮೂರು. ಅದರ ಮೇಲೆ ನಲುವತ್ತು ವರ್ಷ ಪಂಪಿನ ಶೆಡ್ಡಿನ ಪಕ್ಕದಲ್ಲೇ ಮಧ್ಯಾಹ್ನದ ನಿದ್ದೆ, ಐದು ವರ್ಷದಿಂದ ಹುಲ್ಲು ಹೆರೆಯುವ ಮೆಷಿನ್ನು, ಒಂದು ವರ್ಷವೂ ತಪ್ಪದೆ ಎದುರಿನ ಸಾಲಿನಲ್ಲೇ ನಿಂತು ನೋಡಿದ ಕುಂಬಳೆ ಜಾತ್ರೆಯ ಬೆಡಿ, ಅಂದರೆ ಸುಡುಮದ್ದು. ಆ ಸ್ಪೀಕರಿನ ಮೇಲಿನ ಕಾಲುಭಾಗಕ್ಕೆ ಅವರು ಕೊಟ್ಟ ದುಡ್ಡು ದೇವರಿಗೆ ಹಾಕಿದ ಕಾಣಿಕೆಯ ಲೆಕ್ಕಕ್ಕೇ ಹೋಗಬೇಕು.

ಕಿವಿ ಪೂರ್ತಿ ಇದ್ದ ಕಾಲದಲ್ಲಿ ನಾವು ಕೇಳುತ್ತಿದ್ದದ್ದಾದರೂ ಏನು? ನನಗೆ ಹದಿನೇಳು ಆದಾಗ ಗಲ್ಫಿನಿಂದ ಬಂದ ಮಾವ ಒಂದು ಟೂ-ಇನ್-ಒನ್ ತಂದರು. ಕಾಸರಗೋಡು ಪೇಟೆಯಲ್ಲಿ ಹಾಡು ತುಂಬಿಸಿ ಕೊಡುವ ಅಂಗಡಿಗಳಿದ್ದ ಕಾಲ. ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಕೊಟ್ಟು ಬಂದರೆ ಮುಂದಿನ ವಾರ ಸಿಗುತ್ತಿತ್ತು. ಖಾಲಿ ಕ್ಯಾಸೆಟ್ಟಿಗೂ ಕಾಸಿಲ್ಲದ ನಾನು ಅಜ್ಜನ ತಾಳಮದ್ದಳೆಯ ಕ್ಯಾಸೆಟ್ಟಿಗೆ ಕೈಹಾಕಿದೆ. ಅದರ ಬೆನ್ನಿನ ಪ್ಲಾಸ್ಟಿಕ್ ಚೂರನ್ನು, ಯಾರೂ ಅಳಿಸದಿರಲೆಂದು, ಅಜ್ಜ ಮುರಿದಿಟ್ಟಿದ್ದರು. ಆ ತೂತಿಗೆ ಕಾಗದ ತುರುಕಿದರೆ ಮತ್ತೆ ತುಂಬಿಸಬಹುದು ಎಂಬುದು ಅಜ್ಜನಿಗೆ ಗೊತ್ತಿರಲಿಲ್ಲ. ಒಂದು ಪ್ರೇಮಗೀತೆ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಕೌರವ "ಎಲವೋ" ಎಂದು ಗದರುತ್ತಿದ್ದ. ಈಗಲೂ ಆ ಹಾಡು ಎಲ್ಲಿ ಕೇಳಿದರೂ ಕೊನೆಗೆ ಕೌರವ ಬರಲಿಲ್ಲವಲ್ಲ ಎಂದು ಖಾಲಿ ಖಾಲಿ ಅನಿಸುತ್ತದೆ. ಅದು ನಕಲಿನ ನಕಲು. ಹಾಡಿಗಿಂತ ಉಸ್ಸೆನ್ನುವ ಸದ್ದೇ ಹೆಚ್ಚು. ನಮ್ಮ ಕಿವಿ ಎಷ್ಟು ಚುರುಕಾಗಿತ್ತೆಂದರೆ ಆ ಉಸ್ಸಿನ ಒಂದೆಳೆಯೂ ತಪ್ಪಿಹೋಗಲಿಲ್ಲ.

ಅದೇ ಹಾಡನ್ನು ಮತ್ತೆ ಎಷ್ಟು ಸಲ ಕೊಂಡಿದ್ದೇನೋ. ಕೆಲಸ ಸಿಕ್ಕಿದ ವರ್ಷ ಅಸಲಿ ಕ್ಯಾಸೆಟ್ಟು, ಮದುವೆಯಾದ ಮೇಲೆ ಸಿ.ಡಿ., ಮಂಗಳೂರಿನ ಫುಟ್‌ಪಾತಿನಲ್ಲಿ ನೂರೈವತ್ತು ಹಾಡಿನ ಎಂಪಿ3, ಕಾರು ತಗೊಂಡಾಗ ಪೆನ್‌ಡ್ರೈವು. ಒಂದೇ ತೋಟವನ್ನು ವರ್ಷ ವರ್ಷ ರಿಜಿಸ್ಟ್ರಿ ಮಾಡಿಸಿದ ಹಾಗೆ. ಈಗ ಅದೂ ಇಲ್ಲ, ಆ್ಯಪಿಗೆ ತಿಂಗಳ ಬಾಬತ್ತು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಮುಗಿಯಿತು, ಒಕ್ಕಲುಗಳು ಭೂಮಿಯ ಒಡೆಯರಾದರು. ಭೂಮಿ ಕಳೆದುಕೊಂಡ ಧನಿಗಳ ಮೊಮ್ಮಕ್ಕಳೂ ಪಡೆದ ಒಕ್ಕಲುಗಳ ಮೊಮ್ಮಕ್ಕಳೂ ಇವತ್ತು ಒಟ್ಟಿಗೇ ಹಾಡಿಗೆ ಗೇಣಿ ಕಟ್ಟುತ್ತಿದ್ದಾರೆ. ಒಂದು ತಿಂಗಳು ತಪ್ಪಿದರೆ ಎರಡು ಹಾಡಿನ ನಡುವೆ ಸೋಪಿನ ಜಾಹೀರಾತು ನುಗ್ಗುತ್ತದೆ. ಕೌರವನಾದರೂ ವಾಸಿಯಿದ್ದ.

ಇಷ್ಟೆಲ್ಲ ಆದ ಮೇಲೂ ಭಾವನ ದೂರು ಒಂದೇ: "ಈಗಿನ ಹಾಡಿನಲ್ಲಿ ಎಂತ ಉಂಟು ಮಾರಾಯ?" ನಮ್ಮ ಊರಿನ ಮದುವೆ ಊಟದ ಪಂಕ್ತಿಯಲ್ಲಿ ಸಾರಿನಷ್ಟೇ ತಪ್ಪದೆ ಬರುವ ಮಾತು ಇದು. 1952ರಲ್ಲಿ ಕೇಂದ್ರದಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೂ ಹಾಗೆಯೇ ಅನಿಸಿತ್ತು. ಭಾವ ಚಾವಡಿಯಲ್ಲಿ ಕೂತು ಹೇಳಿದ್ದನ್ನು ಅವರು ಕುರ್ಚಿಯಲ್ಲಿ ಕೂತು ಮಾಡಿದರು, ಅಷ್ಟೇ ವ್ಯತ್ಯಾಸ. ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಾಯಿತು. ಜನ ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸರಕಾರವೇ ಆ ಹಾಡುಗಳನ್ನು ಹಾಕಬೇಕಾಯಿತು. ಅಭಿರುಚಿ ಕೆಡುತ್ತದೆಂದು ಮಂತ್ರಿಗಳು ಹೊರಗಿಟ್ಟ ಆ ಕಾಲದ ಹಾಡುಗಳನ್ನೇ ಭಾವ ಇವತ್ತು ಸುವರ್ಣಯುಗ ಎಂದು ಕರೆದು, ರೆಕಾರ್ಡಿಗೆ ಸಾವಿರಗಟ್ಟಲೆ ಸುರಿದು, ಬೆಚ್ಚಗೆ ಕೇಳುತ್ತಿದ್ದಾರೆ. ಯಕ್ಷಗಾನ ಕಾಲಮಿತಿಗೆ ಇಳಿದದ್ದೂ ಅವರಿಗೆ ದೊಡ್ಡ ಬೇಸರ. ಇಡೀ ರಾತ್ರಿಯ ಆಟ ಹೋಯಿತಲ್ಲ ಎಂದು ಕೊರಗುತ್ತಾರೆ, ಹತ್ತು ಗಂಟೆಗೆ ಆಕಳಿಸುತ್ತಾರೆ.

ಅಳಿಯನ ಪಾಡು ಬೇರೆ. ಅವನ ಆ್ಯಪಿಗೆ ಈ ಊರು ಕೇರಳ, ಆದ್ದರಿಂದ ಬೆಳಗಾದರೆ ಮಲಯಾಳ ಹಾಡು ಬಡಿಸುತ್ತದೆ. ಚಂದ್ರಗಿರಿ ಹೊಳೆಯಿಂದ ಬಡಗಿನ ಸೀಮೆ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲೇ ಬರೆದಿತ್ತು. ದೆಹಲಿಯವರೇ ಸರಿಯಾಗಿ ಓದದ ವರದಿಯನ್ನು ಪಾಪ ಆ್ಯಪು ಎಲ್ಲಿಂದ ಓದಬೇಕು. ಸಾಲದ್ದಕ್ಕೆ ಮನೆಗೆಲ್ಲ ಒಂದೇ ಅಕೌಂಟು: ಅಜ್ಜಿಗೆ ಭಾಗವತಿಕೆ, ಅಕ್ಕನಿಗೆ ಭಾವಗೀತೆ, ತುಳು ಹಾಸ್ಯ ಎಲ್ಲರಿಗೂ, ಅಡಿಕೆ ಸುಲಿಯಲು ಬಂದ ಬಿಹಾರದ ಹುಡುಗರಿಗೆ ಭೋಜ್‌ಪುರಿ. ವರ್ಷದ ಕೊನೆಗೆ ಆ್ಯಪು ಕೇಳುಗನ ವಯಸ್ಸು ಇಷ್ಟೆಂದು ಲೆಕ್ಕ ಕೊಡುತ್ತದಂತೆ. ಇಪ್ಪತ್ತೊಂಬತ್ತರ ಅಳಿಯನಿಗೆ ಎಂಬತ್ತೆರಡು ಬಂದಿತ್ತು. ಹುಡುಗಿ ನೋಡುತ್ತಿರುವ ಹೊತ್ತಿನಲ್ಲಿ ಅದನ್ನು ಸ್ಟೇಟಸ್ಸಿಗೆ ಹಾಕಬೇಡ ಎಂದು ಅಕ್ಕ ಕೈಮುಗಿದಳು.

ಕಳೆದ ತಿಂಗಳು ಭಾವನನ್ನು ಕಿವಿ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಭಾವ ಬಹಳ ಹೊತ್ತು ಧ್ಯಾನದಲ್ಲಿದ್ದವರಂತೆ ಸುಮ್ಮನೆ ಕೂತಿದ್ದರು. ಹೊರಗೆ ಬಂದು ರಿಪೋರ್ಟಿನ ಗೆರೆ ನೋಡಿದರೆ ಆಗುಂಬೆ ಘಾಟಿಯ ಹಾಗೆ ಬಲಕ್ಕೆ ಹೋದಂತೆ ಇಳಿಜಾರು. ಭಾವ ಕನ್ನಡಕ ಏರಿಸಿ ನೋಡಿ, "8,000ಕ್ಕೇ ನಿಲ್ಲಿಸಿದ್ದೀರಲ್ಲ? ನಮ್ಮ ಮನೆಯಲ್ಲಿ 20,000ದ ವರೆಗೆ ಉಂಟು" ಎಂದರು. ಪರೀಕ್ಷೆ ಮಾಡಿದ ಹುಡುಗಿ ನನ್ನ ಮುಖ ನೋಡಿದಳು.

ಅವತ್ತು ಸಂಜೆ ಮಗಳ ಮನೆಯಿಂದ ಬಂದ ಏಳು ವರ್ಷದ ಪುಳ್ಳಿಯನ್ನು ಭಾವ ಸ್ಪೀಕರಿನ ಎದುರು ಕೂರಿಸಿದರು. ಹಾಡು ಶುರುವಾಗುವ ಮೊದಲೇ ಹುಡುಗ ಎರಡೂ ಕಿವಿ ಮುಚ್ಚಿಕೊಂಡ.

"ಅಜ್ಜಾ, ಅದರಿಂದ ಕೀಂ ಅಂತ ಬರ್ತಾ ಉಂಟು. ನಿಲ್ಲಿಸಿ."

ಭಾವ ಕಿವಿಗೊಟ್ಟರು. ನಾನೂ ಕಿವಿಗೊಟ್ಟೆ. ಅಕ್ಕ ಅಡುಗೆಮನೆಯಿಂದ ಬಂದು ಕೇಳಿದಳು. ಏನೂ ಇರಲಿಲ್ಲ. ಅಂಗಳದ ನಾಯಿ ಮಾತ್ರ ಎದ್ದು ಹಟ್ಟಿಯ ಕಡೆ ಹೋಯಿತು.

"ಮೊಬೈಲು ಹಿಡಿದು ಹಿಡಿದು ಈಗಿನ ಮಕ್ಕಳ ಕಿವಿ ಹಾಳಾಗಿದೆ" ಎಂದು ಭಾವ ವಾಲ್ಯೂಮು ಏರಿಸಿದರು.